ಹೆಸರಿಲ್ಲದ ಭರಣಿ

ಮಗಳ ಬಾಣಂತನಕ್ಕೆಂದು ಬೇಸಿಗೆ ರಜೆಯಲ್ಲಿ ಲಂಡನ್ನಿಗೆ ಹೋಗಿದ್ದೆ. ವರ್ಷವರ್ಷವೂ ಮಕ್ಕಳಿಗೆ ಈಜಿಪ್ಟಿನ ಪಾಠ ಹೇಳುವವಳು ಬ್ರಿಟಿಷ್ ಮ್ಯೂಸಿಯಂ ನೋಡದೆ ಬರಲಾದೀತೆ? ನೋಡಿ ಹೊರಬಂದು ನಡೆಯುತ್ತಿದ್ದಾಗ ಹಳೆಯ ವಸ್ತುಗಳ ಅಂಗಡಿಯೊಂದರ ಗಾಜಿನ ಹಿಂದೆ ಕುಂಕುಮದ ಭರಣಿಯಂಥ ಪುಟ್ಟ ಕಲ್ಲಿನ ಪಾತ್ರೆ ಕಂಡಿತು. ಪಕ್ಕದ ಚೀಟಿಯಲ್ಲಿ ‘ಈಜಿಪ್ಟ್, ಅಲಬಾಸ್ಟರ್, ಖಾಸಗಿ ಸಂಗ್ರಹದ್ದು’ ಎಂದಿತ್ತು. “ಅತ್ತೆ, ನಿಮಗೆ ಇಷ್ಟವಾದರೆ ತಗೊಂಡುಬಿಡೋಣ” ಎಂದರು ಅಳಿಯಂದಿರು.

ಅಂಗಡಿಯವನು ಅದನ್ನು ನನ್ನ ಅಂಗೈಯಲ್ಲಿಟ್ಟ. ಹಾಲಿಗೆ ಜೇನು ಬೆರೆಸಿದಂಥ ಬಣ್ಣ. ಬೆಳಕಿಗೆ ಹಿಡಿದರೆ ಅಂಚು ಹೊಳೆಯುತ್ತಿತ್ತು. ಆಸೆಯಾಗಲಿಲ್ಲವೆಂದರೆ ಸುಳ್ಳಾದೀತು.

ಇಂಥದೊಂದು ಪಾತ್ರೆಯ ಒಡಲು ಕೊರೆಯಲು ಅಲ್ಲಿನ ಕುಶಲಕರ್ಮಿಗಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಮರದ ಕೋಲಿನ ಕೆಳತುದಿಯ ಕವೆಗೆ ಅರ್ಧಚಂದ್ರಾಕಾರದ ಚಕಮಕಿ ಕಲ್ಲು ಸಿಕ್ಕಿಸಿ, ಮೇಲೆ ಭಾರಕ್ಕೆ ಕಲ್ಲುಗಳನ್ನು ಕಟ್ಟಿ, ಮರಳು ಹಾಕಿ ತಿರುಗಿಸುತ್ತಲೇ ಇರಬೇಕು. ಗಟ್ಟಿ ಕಲ್ಲಾದರೆ ತಾಮ್ರದ ಕೊಳವೆ ಬೇಕು. ಅವರ ಚಿತ್ರಲಿಪಿಯಲ್ಲಿ ಕುಶಲಕಲೆಯೆಂಬ ಪದಕ್ಕೆ ಬರೆಯುತ್ತಿದ್ದುದೇ ಈ ಕೊರೆಯುವ ಕೋಲಿನ ಚಿತ್ರವನ್ನು!

ಕ್ರಿ.ಪೂ. 2650ರ ಸುಮಾರಿಗೆ ಆಳಿದ ಜೋಸರ್ ದೊರೆ ಸಕ್ಕಾರಾದಲ್ಲಿ ಮೆಟ್ಟಿಲು ಪಿರಮಿಡ್ ಕಟ್ಟಿಸಿದ. 1930ರ ದಶಕದಲ್ಲಿ ಅದರ ಅಡಿಯ ಸುರಂಗಗಳಲ್ಲಿ ಸುಮಾರು 40,000 ಕಲ್ಲಿನ ಪಾತ್ರೆಗಳು ಸಿಕ್ಕವು. ಬಹಳಷ್ಟು ಒಡೆದು ಚೂರಾಗಿದ್ದವು. ನಾವು ಮದುವೆಯ ಪಾತ್ರೆಗಳಿಗೆ ಹೆಸರು ಹಾಕಿಸುತ್ತೇವಲ್ಲ, ಹಾಗೆ ಕೆಲವುಗಳ ಮೇಲೆ ಹೆಸರು ಕೊರೆದಿತ್ತು. ಸ್ವಾರಸ್ಯವೆಂದರೆ, ಅವು ಜೋಸರನಿಗಿಂತ ಹಿಂದಿನ ಎರಡು ರಾಜವಂಶಗಳ ದೊರೆಗಳ ಹೆಸರುಗಳು! ಹಿಂದಿನವರ ಪಾತ್ರೆಗಳು ಅವನ ಸಮಾಧಿ ಸೇರಿದ್ದವೆಂದು ತಿಳಿದದ್ದು, ಅವು ಇದ್ದಲ್ಲೇ ಸಿಕ್ಕಿದ್ದರಿಂದ. ಒಂದೊಂದಾಗಿ ಅಂಗಡಿಗಳ ಪಾಲಾಗಿದ್ದರೆ ತಿಳಿಯುವ ಬಗೆಯೇ ಇರಲಿಲ್ಲ.

ಕಳ್ಳರು ಆಗಲೂ ಇದ್ದರು. 1922ರಲ್ಲಿ ಹೋವರ್ಡ್ ಕಾರ್ಟರ್ ಕಂಡುಹಿಡಿದ ತೂತನ್‌ಖಾಮನ್ನನ ಸಮಾಧಿಗೆ ಅವರು ಪ್ರಾಚೀನ ಕಾಲದಲ್ಲೇ ನುಗ್ಗಿದ್ದರು. ಕಲ್ಲಿನ ಪಾತ್ರೆಗಳಲ್ಲಿದ್ದ ಬೆಲೆಬಾಳುವ ಸುಗಂಧ ಲೇಪನವನ್ನು ಬಳಿದುಕೊಂಡು ಪಾತ್ರೆಗಳನ್ನು ಅಲ್ಲೇ ಬಿಟ್ಟು ಹೋಗಿದ್ದರು. ಒಳಮೈಯಲ್ಲಿ ಅವರ ಬೆರಳಿನ ಗುರುತು ಹಾಗೇ ಉಳಿದಿತ್ತು. ಈಗಿನವರಿಗೆ ಪಾತ್ರೆಯೇ ಬೇಕು.

ಒಂದು ಕಾಲಕ್ಕೆ ಈಜಿಪ್ಟಿನಲ್ಲಿ ಪರವಾನಗಿ ಪಡೆದವರು ಇವನ್ನು ಮಾರಬಹುದಿತ್ತು. ಉತ್ಖನನ ಮಾಡಿದ ವಿದೇಶಿಯರಿಗೂ ಪಾಲು ಸಿಗುತ್ತಿತ್ತು. 1983ರ ಕಾನೂನು ಈ ವ್ಯಾಪಾರವನ್ನು ನಿಷೇಧಿಸಿತು. ಅದಕ್ಕೂ ಮೊದಲೇ ದೇಶ ಬಿಟ್ಟ ವಸ್ತುಗಳಿವೆ. ಆದ್ದರಿಂದ ಅಂಗಡಿಯಲ್ಲಿರುವುದೆಲ್ಲ ಕಳವಿನದೆನ್ನಲಾಗದು. ಆದರೆ ಹೇಗೆ ಬಂತೆಂಬುದಕ್ಕೆ ಕಾಗದಪತ್ರ ಬೇಡವೆ? 2011ರ ಗಲಭೆಯ ದಿನಗಳಲ್ಲಿ ಲೂಟಿಕೋರರು ಸಕ್ಕಾರಾದಲ್ಲೂ ನೆಲ ಅಗೆದರು. ಅಂಥ ಮಾಲಿಗೂ ‘ಖಾಸಗಿ ಸಂಗ್ರಹ’ವೆಂದು ಚೀಟಿ ಅಂಟಿಸುವುದು ಕಷ್ಟವಲ್ಲ.

“ಇದು ಯಾವ ಊರಿನಲ್ಲಿ ಸಿಕ್ಕಿದ್ದು? ಇಲ್ಲಿಗೆ ಯಾವಾಗ ಬಂತು?” ಎಂದು ನನಗೆ ಬರುವ ಇಂಗ್ಲಿಷಿನಲ್ಲೇ ಕೇಳಿದೆ. ಹಳೆಯ ಸಂಗ್ರಹದ್ದು ಎಂದಷ್ಟೇ ಹೇಳಿ ಅವನು ನಕ್ಕ. ಭರಣಿಯನ್ನು ಮೆಲ್ಲಗೆ ಅವನ ಮುಂದಿಟ್ಟೆ.

ಅದರಲ್ಲಿ ಯಾರು ಕಾಡಿಗೆ ಇಟ್ಟಿದ್ದಳೋ, ಯಾರು ಎಣ್ಣೆ ತುಂಬಿದ್ದಳೋ! ಅವಳ ಮಗ್ಗುಲಿನಿಂದ ಅದನ್ನು ಕಿತ್ತು ತಂದಿದ್ದರೆ, ಅವಳಾರೆಂಬುದೂ ಅಲ್ಲಿಗೇ ಅಳಿಸಿಹೋಯಿತು.

ಮರುದಿನ ಮತ್ತೆ ಮ್ಯೂಸಿಯಮ್ಮಿಗೆ ಹೋಗಿ ಕಲ್ಲಿನ ಪಾತ್ರೆಯದೊಂದು ಚಿತ್ರದ ಕಾರ್ಡು ಕೊಂಡೆ. ಅದರ ಹಿಂದೆ, ಪಾತ್ರೆ ಸಿಕ್ಕ ಊರಿನ ಹೆಸರಿದೆ. ನನ್ನ ಪಾಠಕ್ಕೆ ಅಷ್ಟು ಸಾಕು.