ಹಾಕಿದ ಗೊಬ್ಬರ ಎಲ್ಲಿ ಹೋಗತೈತಿ?

ಅಥಣಿ ಕಡೆಯವರಿಗೆ ‘ಸವಳು-ಜವಳು’ ಅಂದ್ರೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ: ಸವಳು ಅಂದ್ರೆ ಉಪ್ಪೇರಿದ ಮಣ್ಣು, ಜವಳು ಅಂದ್ರೆ ನೀರು ಬಸಿಯದೆ ಕೊಳೆಯುವ ಹೊಲ.

ಕೊಕಟನೂರಿನ ನಮ್ಮ ಹೊಲ ಮಳೆ ನಂಬಿದ್ದು. ಅಜ್ಜನ ಕಾಲಕ್ಕೆ ಜೋಳ, ಕಡಲೆ, ಅಕ್ಕಡಿ ಸಾಲಿಗೆ ತೊಗರಿ. ಕಡಲೆ ಬೆಳೆದಲ್ಲಿ ಮುಂದಿನ ಜೋಳ ಚಲೋ ಬರುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ಯಾಕೆ ಅನ್ನೋದನ್ನ 1886ರಲ್ಲಿ ಬರ್ಲಿನ್ನಿನಲ್ಲಿ ಹೆಲ್‌ರೀಗಲ್ ಹೇಳಿದ: ಇಂಥ ಗಿಡಗಳ ಬೇರಿನ ಗಂಟಿನಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕ ಹಿಡಿದುಕೊಡುತ್ತವೆ. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಆ ಜೀವಿಯನ್ನು ಬೇರ್ಪಡಿಸಿ ಬೆಳೆಸಿದ. ಗಿಡ ಸಕ್ಕರೆ ಕೊಡುತ್ತೆ, ಬ್ಯಾಕ್ಟೀರಿಯಾ ಸಾರಜನಕ ಕೊಡುತ್ತೆ. ಅದರಲ್ಲಿ ಹೆಚ್ಚಿನದು ಕಾಳಿನ ಜೊತೆ ಮನೆಗೇ ಬರುತ್ತೆ, ಮಣ್ಣಿಗೆ ಬೇರು ಮತ್ತು ಉದುರಿದ ಎಲೆಯ ಪಾಲಷ್ಟೇ.

ಶಾಲೆಯಲ್ಲಿ ಇಷ್ಟು ಓದಿದ್ದೆವು. ಓದದೇ ಇದ್ದದ್ದು: ಅದೇ 1886ರಲ್ಲೇ ಫ್ರಾನ್ಸಿನ ಗೇಯೋಂ ಮತ್ತು ದ್ಯುಪೆತಿ ಉಲ್ಟಾ ಕೆಲಸದ ಬ್ಯಾಕ್ಟೀರಿಯಾಗಳ ಬಗ್ಗೆ ಬರೆದರು. ಇವು ಆಮ್ಲಜನಕ ಸಿಗದಿದ್ದಾಗ ನೈಟ್ರೇಟಿನಿಂದಲೇ ಉಸಿರಾಡಿ ಸಾರಜನಕವನ್ನು ವಾಪಸ್ ಗಾಳಿಗೆ ಬಿಡುತ್ತವೆ. ಬರುವ ದಾರಿ, ಹೋಗುವ ದಾರಿ ಒಂದೇ ವರ್ಷ!

ಈಗ ಹೊಳೆ ದಂಡೆಗೆ ಬನ್ನಿ. 1939ರಲ್ಲಿ ಉಗಾರ ಸಕ್ಕರೆ ಕಂಪನಿ ಹುಟ್ಟಿತು. ಕೃಷ್ಣೆಯ ನೀರು ಪಂಪಿನಿಂದ ಮೇಲೇರಿದ ಹಾಗೆ ಜೋಳ ಸರಿದು ಕಬ್ಬು ಬಂತು. ಜರ್ಮನಿಯಲ್ಲಿ 1913ರಿಂದಲೇ ಗಾಳಿಯ ಸಾರಜನಕದಿಂದ ಅಮೋನಿಯ ಮಾಡುವ ಕಾರ್ಖಾನೆ ನಡೆಯುತ್ತಿತ್ತು, ನಮ್ಮ ಪಣಂಬೂರಿನಲ್ಲಿ 1976ರಲ್ಲಿ ರಸಗೊಬ್ಬರ ಕಾರ್ಖಾನೆ ಶುರುವಾಯಿತು. ಯೂರಿಯಾದಲ್ಲಿ ಶೇ. 46 ಸಾರಜನಕ. ನಮ್ಮ ಕಡೆ ಅದಕ್ಕೆ ಇನ್ನೂ ‘ಸರಕಾರಿ ಗೊಬ್ಬರ’ ಅಂತಲೇ ಹೆಸರು :-)

ದಂಡೆಯಲ್ಲಿರೋ ಸೋದರಮಾವನ ಕಬ್ಬು ತಗ್ಗಿನ ಕಡೆ ಹಳದಿ. “ಹಾಕಿದ ಗೊಬ್ಬರ ಎಲ್ಲಿ ಹೋಗತೈತಿ ಅಳಿಯಾ?” ಅಂತ ಕೇಳಿದ. ಗಾಳಿಯಾಡುವ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಯೂರಿಯಾದ ಅಮೋನಿಯವನ್ನು ನೈಟ್ರೇಟ್ ಮಾಡುತ್ತವೆ. ನೀರು ನಿಂತರೆ ಸಾಕು, ಗೇಯೋಂನ ಜೀವಿಗಳು ಅದನ್ನು ಗಾಳಿಗೆ ತೂರುತ್ತವೆ. ಒಂದು ಭಾಗ ನೈಟ್ರಸ್ ಆಕ್ಸೈಡ್ ಆಗಿ ಹೋಗುತ್ತೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 273 ಪಟ್ಟು ಬಿಸಿ ಹಿಡಿಯುತ್ತೆ. ನಮ್ಮ ಭಾಷೆಯಲ್ಲಿ ಅಪ್ಪಟ ಮೆಮೊರಿ ಲೀಕ್. ಮಾವ ಮಾಡ್ತಿರೋದು ರ‍್ಯಾಮ್ ಹೆಚ್ಚಿಸೋ ಕೆಲಸ: ಇನ್ನೊಂದು ಚೀಲ!

2015ರಿಂದ ಯೂರಿಯಾಕ್ಕೆ ಬೇವಿನೆಣ್ಣೆ ಲೇಪ ಕಡ್ಡಾಯ. ಅದು ನೈಟ್ರೇಟ್ ಆಗೋದನ್ನ ನಿಧಾನ ಮಾಡುತ್ತೆ, ಹೊಲದ ನೀರು ಬಸಿಯೋದಿಲ್ಲ. ಅದಕ್ಕೆ ಬಸಿಗಾಲುವೆ ಬೇಕು. ಕಾಲುವೆ ತೋಡಿದರೆ ನೀರು ಹರಿಯಬೇಕಾದ್ದು ಕೆಳಗಿನ ಹೊಲದವರ ಕಬ್ಬಿನೊಳಗೆ, ಅವರು ಒಪ್ಪುತ್ತಿಲ್ಲ.