ಬರ್ಮಾ ಬಾನಿನಲ್ಲಿ ವಿಚಕ್ಷಣಾ ವೈಮಾನಿಕನ ಏಕೈಕ ಜಯ

ಮಂಡ್ಯ: ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ವಾಯುಪಡೆಯ ದಳವೊಂದರ ಹೆಸರಿನಲ್ಲಿ ದೃಢಪಟ್ಟಿರುವ ವೈಮಾನಿಕ ಜಯ ಒಂದೇ ಒಂದು. ಅದನ್ನು ಗಳಿಸಿದ್ದು ವಿಚಕ್ಷಣಾ ದಳವೆಂಬುದು ಗಮನಾರ್ಹ.

1944ರ ಫೆಬ್ರುವರಿ 15ರಂದು ಅರಾಕಾನ್ ರಣರಂಗದ ಮೇಲೆ 6ನೇ ದಳದ ಫ್ಲೈಯಿಂಗ್ ಆಫೀಸರ್ ಜಗದೀಶ್ ಚಂದ್ರ ವರ್ಮಾ ತಮ್ಮ ಹರಿಕೇನ್ ವಿಮಾನದಿಂದ ಜಪಾನಿನ ‘ಆಸ್ಕರ್’ ಯುದ್ಧವಿಮಾನವನ್ನು ಹೊಡೆದುರುಳಿಸಿದರು. ಆ ತಿಂಗಳು ಜಪಾನೀಯರು ಅರಾಕಾನಿನಲ್ಲಿ ಭಾರಿ ದಾಳಿ ಆರಂಭಿಸಿದ್ದರು.

ಕಾದುವುದಲ್ಲ, ಕಂಡು ಬರುವುದು

ಶತ್ರುವಿನ ಚಲನವಲನ, ಸೇತುವೆ, ದೋಣಿ ಹಾಗೂ ಕಾಡುದಾರಿಗಳನ್ನು ಕೆಳಮಟ್ಟದಲ್ಲಿ ಹಾರಿ ನೋಡಿ, ಛಾಯಾಚಿತ್ರ ತೆಗೆದು, ಸೇನೆಗೆ ವರದಿ ಮಾಡುವುದು ಈ ವೈಮಾನಿಕರ ಕರ್ತವ್ಯ. ಆದ್ದರಿಂದಲೇ 6ನೇ ದಳ ‘ಹದಿನಾಲ್ಕನೇ ಸೇನೆಯ ಕಣ್ಣು’ ಎಂದು ಹೆಸರಾಯಿತು. ವಿಮಾನಗಳು ಜೋಡಿಯಾಗಿ ಹೊರಡುತ್ತಿದ್ದವು. ಒಬ್ಬನು ನೆಲವನ್ನು ಗಮನಿಸಿದರೆ ಮತ್ತೊಬ್ಬನು ಆಕಾಶವನ್ನು ಕಾಯುತ್ತಿದ್ದ. ಕಾದಾಟಕ್ಕಿಳಿದರೆ ಮಾಹಿತಿಯೇ ನಷ್ಟವಾಗುವ ಅಪಾಯವಿತ್ತು. ಚುರುಕಾಗಿ ತಿರುಗುವ ಆಸ್ಕರ್‌ನ ಮುಂದೆ ಹರಿಕೇನ್ ಆ ವೇಳೆಗೆ ಹಳೆಯದಾಗಿತ್ತು. ದಳವು ತನ್ನ ವೈಮಾನಿಕರನ್ನೂ ಕಳೆದುಕೊಂಡಿತು. ವರ್ಮಾ ಅವರ ಜಯದ ಬೆಲೆ ತಿಳಿಯುವುದು ಈ ಹಿನ್ನೆಲೆಯಲ್ಲಿಯೇ.

ದಳದ ನಾಯಕ ಮೆಹರ್ ಸಿಂಗ್ ಅವರಿಗೆ 1944ರಲ್ಲಿ ಡಿಎಸ್‌ಒ ಗೌರವ ದೊರೆಯಿತು. ಭಾರತೀಯ ವಾಯುಪಡೆಯಲ್ಲಿ ಅದನ್ನು ಪಡೆದವರು ಅವರೊಬ್ಬರೇ. 1948ರ ಮೇ 24ರಂದು ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ ಅವರನ್ನು ಡಕೋಟಾದಲ್ಲಿ ಲೇಹ್‌ಗೆ ಕರೆದೊಯ್ದಿಳಿಸಿದವರೂ ಇವರೇ.

ಮೈಸೂರಿನ ಗಂಡಭೇರುಂಡ

ಮಂಡ್ಯ, ಮದ್ದೂರು, ಮಳವಳ್ಳಿಗಳು ಆಗ ಮೈಸೂರು ಸಂಸ್ಥಾನದಲ್ಲಿದ್ದವು. ಮಂಡ್ಯ ಜಿಲ್ಲೆ ರಚನೆಯಾದದ್ದು ಯುದ್ಧಾರಂಭದ ವರ್ಷವಾದ 1939ರಲ್ಲಿಯೇ. ಸಂಸ್ಥಾನದ ದೇಣಿಗೆಯ ಸ್ಮರಣಾರ್ಥ ಬ್ರಿಟಿಷ್ ವಾಯುಪಡೆಯ 129ನೇ ದಳಕ್ಕೆ ‘ಮೈಸೂರು’ ಎಂಬ ಹೆಸರಿಟ್ಟು, ಲಾಂಛನವಾಗಿ ಗಂಡಭೇರುಂಡವನ್ನು ನೀಡಲಾಯಿತು. 1941ರಲ್ಲಿ ಸ್ಪಿಟ್‌ಫೈರ್‌ಗಳೊಂದಿಗೆ ಕಾರ್ಯಾರಂಭ ಮಾಡಿದ ಅದು ವಿಚಕ್ಷಣಾ ದಳವಲ್ಲ, ಕಾದಾಟದ ದಳ.

ತಡವಾಗಿ ಬಂದ ಮನ್ನಣೆ

ಕಾದಾಟ ಮುಖ್ಯ ಕರ್ತವ್ಯವಲ್ಲದ ಹಾರಾಟದಲ್ಲಿ ಜಯ ಗಳಿಸಿದ ಕನ್ನಡನಾಡಿನ ನಿದರ್ಶನ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಅವರದು. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿದ್ದ ಅವರ ಮಿಸ್ಟೇರ್ ವಿಮಾನ, ತನಗಿಂತ ಬಹಳ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರನ್ನು ಉರುಳಿಸಿತು. ದೇವಯ್ಯ ಹಿಂದಿರುಗಲಿಲ್ಲ. ಅವರ ಜಯಕ್ಕೆ ಭಾರತದ ಕಡೆ ಸಾಕ್ಷಿಯಿರಲಿಲ್ಲ. ವಿವರಗಳು ವರ್ಷಗಳ ಬಳಿಕ ಪಾಕಿಸ್ತಾನದ ಕಡೆಯ ವೃತ್ತಾಂತಗಳಿಂದ ತಿಳಿದುಬಂದವು. 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು.

ವಾಯುಸಮರದಲ್ಲಿ ಜಯವೆಂಬುದು ದೃಢಪಡಬೇಕಾದರೆ ಕಂಡವರು ಬೇಕು, ಇಲ್ಲವೇ ದಾಖಲೆ ಬೇಕು. ಎರಡೂ ಇಲ್ಲದೆಡೆ ಶೌರ್ಯಕ್ಕೆ ಮನ್ನಣೆ ದೊರೆಯಲು 23 ವರ್ಷಗಳೇ ಹಿಡಿದವು.