ಸುತ್ತಿಗೆ ಹಿಡಿದ ಸುವಾರ್ತೆ

ಪತ್ರಿಕೆಗೆ ಓದುವುದಲ್ಲದೆ ಬೇರೆ ಉಪಯೋಗಗಳೂ ಇವೆ ಎಂಬುದು ನಮಗೆಲ್ಲ ಗೊತ್ತು. ಅಮೆರಿಕದ ಕೆಂಟಕಿ ರಾಜ್ಯದ ಪೂರ್ವಭಾಗದ ಗುಡ್ಡಗಾಡಿನಲ್ಲಿ ಚಳಿಗಾಲ ಹತ್ತಿರವಾದಂತೆ ಹೆಂಗಸರು ಹಿಟ್ಟಿನ ಅಂಟು ಕಾಯಿಸಿ, ಹಳೆಯ ಪತ್ರಿಕೆಗಳನ್ನು ಮನೆಯ ಒಳಗೋಡೆಗಳಿಗೆ ಪದರ ಪದರವಾಗಿ ಮೆತ್ತುತ್ತಿದ್ದರು. ಇದು ಅಲಂಕಾರಕ್ಕಲ್ಲ. ಗೋಡೆ ಎಂದರೆ ಅಲ್ಲಿ ನೆಟ್ಟಗೆ ನಿಲ್ಲಿಸಿದ ಒಂದೇ ಸಾಲು ಹಲಗೆ. ಹಲಗೆ ಒಣಗಿ ಕುಗ್ಗಿದಲ್ಲೆಲ್ಲ ಗಾಳಿ ಒಳಗೆ ನುಗ್ಗುತ್ತಿತ್ತು. ಕಲ್ಲಿದ್ದಲು ಕಂಪನಿಗಳು ತಮ್ಮ ಕಾರ್ಮಿಕರಿಗಾಗಿ ಅಗ್ಗದಲ್ಲಿ ಎಬ್ಬಿಸಿದ ಇಂಥ ಮನೆಗಳಿಗೆ 'ಜೆನ್ನಿ ಲಿಂಡ್' ಎಂದು ಹೆಸರು. 1850ರಲ್ಲಿ ಅಮೆರಿಕಕ್ಕೆ ಬಂದು ಜನರನ್ನು ಮರುಳು ಮಾಡಿದ ಸ್ವೀಡನ್ನಿನ ಗಾಯಕಿಯ ಹೆಸರೂ ಅದೇ. ಅಂಥ ಹೆಸರು ಇಂಥ ಮನೆಗೆ ಅಂಟಿದ್ದು ಚರಿತ್ರೆಯ ಒಂದು ಕುಚೋದ್ಯ.

1969ರ ಬೇಸಿಗೆಯಲ್ಲಿ ಈ ಸೀಮೆಯ ಬಾರ್ಬರ್‌ವಿಲ್ ಎಂಬ ಸಣ್ಣ ಊರಿಗೆ ಸುಮಾರು 50 ಮಂದಿ ಬಂದಿಳಿದರು. ಹೆಚ್ಚಿನವರು ಇನ್ನೂ ಮೀಸೆ ಮೂಡದ ಹುಡುಗರು, ಚರ್ಚಿನ ಯುವಕ ಸಂಘಗಳ ಹುಡುಗಿಯರು. ಅವರೊಡನೆ ಕೆಲವರು ಹಿರಿಯರು. ಯಾರೂ ಕಸುಬುದಾರ ಬಡಗಿಗಳಲ್ಲ. ಆ ಬೇಸಿಗೆ ಮುಗಿಯುವ ಹೊತ್ತಿಗೆ ಅವರು ನಾಲ್ಕು ಮನೆಗಳನ್ನು ರಿಪೇರಿ ಮಾಡಿದ್ದರು. ಐವತ್ತು ಜನರಿಗೆ ನಾಲ್ಕು ಮನೆ! ನಮ್ಮ ಯಾವ ಮೇಸ್ತ್ರಿ ಕೇಳಿದರೂ ನಗುವ ಲೆಕ್ಕ. ಆದರೆ ಅಲ್ಲಿಂದ ಹುಟ್ಟಿದ 'ಅಪಲಾಚಿಯ ಸರ್ವೀಸ್ ಪ್ರಾಜೆಕ್ಟ್' ಎಂಬ ಸಂಸ್ಥೆಗೆ ಐದು ದಶಕಗಳಲ್ಲಿ ಬಂದು ದುಡಿದ ಸ್ವಯಂಸೇವಕರ ಸಂಖ್ಯೆ ಲಕ್ಷಗಳನ್ನು ದಾಟಿತು. ಕೆಂಟಕಿಯಿಂದಾಚೆಗೆ ಟೆನೆಸಿ, ವರ್ಜೀನಿಯ, ಪಶ್ಚಿಮ ವರ್ಜೀನಿಯ, ಉತ್ತರ ಕೆರೊಲೈನಾಗಳಿಗೂ ಕೆಲಸ ಹಬ್ಬಿತು.

ಈ ಮನೆಗಳು ಏಕೆ ಬಿದ್ದುಹೋಗುವಂತಾದವು ಎಂಬುದನ್ನು ಮೊದಲು ನೋಡಬೇಕು. ಅಪಲಾಚಿಯ ಪರ್ವತಶ್ರೇಣಿಯ ಈ ಭಾಗ ಬಡ ನೆಲವಲ್ಲ. ಅದರ ಹೊಟ್ಟೆಯ ತುಂಬ ಕಲ್ಲಿದ್ದಲು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊರಗಿನ ದಲ್ಲಾಳಿಗಳು ಕುದುರೆ ಏರಿ ಬಂದು, ಕೆಲವೆಡೆ ಎಕರೆಗೆ ಐವತ್ತು ಸೆಂಟ್ ಕೊಟ್ಟು, ರೈತರಿಂದ ನೆಲದಡಿಯ ಖನಿಜದ ಹಕ್ಕನ್ನು ಬರೆಸಿಕೊಂಡರು. ಹೆಬ್ಬೆಟ್ಟು ಒತ್ತಿದ ರೈತನಿಗೆ ಮೇಲಿನ ಹೊಲ ಉಳಿಯಿತು, ಕೆಳಗಿನ ಸಂಪತ್ತು ಹೋಯಿತು. ಗಣಿ ಬಂತು, ಕಂಪನಿಯ ಊರು ಬಂತು. ಮನೆ ಕಂಪನಿಯದು, ಅಂಗಡಿ ಕಂಪನಿಯದು, ಅನೇಕ ಕಡೆ ಸಂಬಳವೂ ಆ ಅಂಗಡಿಯಲ್ಲಷ್ಟೇ ಚಲಾವಣೆಯಾಗುವ ಕಂಪನಿ ನಾಣ್ಯದಲ್ಲಿ. ಎರಡನೆಯ ಮಹಾಯುದ್ಧದ ನಂತರ ಗಣಿಗಳಿಗೆ ಯಂತ್ರಗಳು ಇಳಿದವು, ಆಳುಗಳು ಬೇಡವಾದರು. ಲಕ್ಷಾಂತರ ಜನ ಡೆಟ್ರಾಯಿಟ್, ಸಿನ್ಸಿನಾಟಿ, ಷಿಕಾಗೊಗಳಿಗೆ ಗುಳೆ ಹೋದರು. ಅದೇ ಕಾಲಕ್ಕೆ ಕಂಪನಿಗಳು ಬೇಡವಾದ ಮನೆಗಳನ್ನು ಅಲ್ಲಿ ವಾಸವಿದ್ದವರಿಗೇ ಮಾರಿ ಕೈತೊಳೆದುಕೊಂಡವು. ಮನೆ ತನ್ನದಾದ ಹೊತ್ತಿಗೆ ಅದನ್ನು ನಿಭಾಯಿಸುವ ಸಂಬಳವೇ ಇರಲಿಲ್ಲ ಎಂಬುದು ಇಲ್ಲಿನ ದುರಂತ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚೆ ಒಂದು ವರ್ಷ ಹೆಂಚು ಕೈಯಾಡಿಸದಿದ್ದರೆ ಸಾಕು, ಮರುವರ್ಷ ರೀಪು ಕೊಳೆಯುತ್ತದೆ, ಅದರ ಮರುವರ್ಷ ಪಕಾಸಿ. ಬಡವನ ಮನೆ ಒಮ್ಮೆಗೇ ಬೀಳುವುದಿಲ್ಲ, ಕಂತಿನಲ್ಲಿ ಬೀಳುತ್ತದೆ.

ಕ್ರೈಸ್ತ ಸೇವಾಸಂಸ್ಥೆಗಳಿಗೆ ಈ ಪ್ರದೇಶ ಹೊಸದೇನಲ್ಲ. 1925ರಲ್ಲೇ ಹೈರಮ್ ಫ್ರೇಕ್ಸ್ ಎಂಬ ಮೆಥೋಡಿಸ್ಟ್ ಪಾದ್ರಿ ಕಳ್ಳಭಟ್ಟಿಗೂ ಹಗೆತನಕ್ಕೂ ಕುಖ್ಯಾತವಾಗಿದ್ದ ಒಂದು ಕಣಿವೆಯಲ್ಲಿ 'ಹೆಂಡರ್ಸನ್ ಸೆಟ್ಲ್‌ಮೆಂಟ್' ಎಂಬ ಶಾಲೆ ತೆರೆದಿದ್ದರು. ಆ ಊರೇ ಮುಂದೆ ಅವರ ಹೆಸರು ಪಡೆಯಿತು. 1934ರಲ್ಲಿ ಕ್ವೇಕರ್ ಪಂಥದವರು ಪೆನ್ಸಿಲ್ವೇನಿಯದಲ್ಲಿ ನಿರುದ್ಯೋಗಿ ಗಣಿ ಕಾರ್ಮಿಕರ ನಡುವೆ ತರುಣರ ಶ್ರಮಶಿಬಿರ ನಡೆಸಿದ್ದರು. ಇಂಥ ಶಿಬಿರಗಳ ಕಲ್ಪನೆ ಯೂರೋಪಿನಿಂದ ಬಂದದ್ದು. ಪಿಯರ್ ಸೆರೆಸೋಲ್ ಎಂಬ ಸ್ವಿಸ್ ಎಂಜಿನಿಯರ್ 1920ರಲ್ಲಿ ಫ್ರಾನ್ಸಿನ ವೆರ್ಡನ್ ರಣಭೂಮಿಯ ಬಳಿ ಹಾಳುಬಿದ್ದ ಎಸ್ನೆ ಗ್ರಾಮವನ್ನು ಕಟ್ಟಲು ಹಲವು ದೇಶಗಳ ಸ್ವಯಂಸೇವಕರನ್ನು ಒಗ್ಗೂಡಿಸಿದ್ದರು; ಅವರಲ್ಲಿ ಜರ್ಮನರೂ ಇದ್ದರು. ಇದೇ ಸೆರೆಸೋಲ್ 1934ರ ಬಿಹಾರ ಭೂಕಂಪದ ನಂತರ ನಮ್ಮ ದೇಶಕ್ಕೂ ಬಂದು ಮನೆ ಕಟ್ಟುವ ಕೆಲಸಕ್ಕೆ ನಿಂತರು.

ಹೆಂಡರ್ಸನ್ ಸೆಟ್ಲ್‌ಮೆಂಟಿನ ನಿರ್ದೇಶಕರಾಗಿ ಗ್ಲೆನ್ ಇವಾನ್ಸ್ ಬಂದರು. ಅವರು ಟೆಕ್ಸಸ್‌ನವರು, ಎಲ್ಲರೂ 'ಟೆಕ್ಸ್' ಎಂದೇ ಕರೆಯುತ್ತಿದ್ದರು. ಬಾರ್ಬರ್‌ವಿಲ್‌ಗೆ ಹುಡುಗರನ್ನು ಕರೆತಂದವರು ಇವರೇ. ಇವಾನ್ಸ್‌ಗೆ ಎರಡು ಸಂಗತಿ ಕಂಡಿದ್ದವು. ಒಂದು, ಕಣಿವೆಗಳಲ್ಲಿನ ಸೋರುವ ಮನೆಗಳು. ಇನ್ನೊಂದು, ನಗರದ ಅನುಕೂಲಸ್ಥ ಚರ್ಚುಗಳಲ್ಲಿ ಕೆಲಸವಿಲ್ಲದೆ ಬೇಸಿಗೆ ಕಳೆಯುತ್ತಿದ್ದ ತರುಣರು. ಜನ ಎಲ್ಲಿದ್ದಾರೋ, ಹೇಗಿದ್ದಾರೋ ಹಾಗೆಯೇ ಅವರನ್ನು ಒಪ್ಪಿಕೊಳ್ಳಬೇಕು ಎಂಬುದು ಅವರ ನಿಲುವು. ಕೇಳಲು ಸರಳ, ಪಾಲಿಸಲು ಕಷ್ಟ. ಮನೆಯವರು ಚರ್ಚಿಗೆ ಬರುತ್ತಾರೋ, ಗಂಡ ಕುಡಿಯುತ್ತಾನೋ, ಅಂಗಳ ಚೊಕ್ಕಟವಾಗಿದೆಯೋ ಎಂಬ ವಿಚಾರಣೆ ಇಲ್ಲ. ಮಾಡು ಸೋರುತ್ತಿದೆಯೇ ಎಂಬುದಷ್ಟೇ ಪ್ರಶ್ನೆ.

ಕೆಲಸದ ಕ್ರಮವೂ ಹೀಗೆಯೇ ನೇರ. ಐದಾರು ತರುಣರಿಗೆ ಇಬ್ಬರು ಹಿರಿಯರು, ಒಂದು ತಂಡ. ರಜೆಯ ಶಾಲಾಕಟ್ಟಡಗಳಲ್ಲಿ ನೆಲದ ಮೇಲೆ ಮಲಗುವುದು. ಒಂದು ವಾರ ದುಡಿದು ಹೋಗುವುದು. ಅರ್ಧ ಉಳಿದ ಕೆಲಸವನ್ನು ಮುಂದಿನ ವಾರದ ತಂಡ ಎತ್ತಿಕೊಳ್ಳುವುದು. ಕೂಲಿ ಇಲ್ಲ, ಬದಲಿಗೆ ಬಂದವರೇ ಶುಲ್ಕ ತೆರಬೇಕು. ರಿಪೇರಿ ಬಹುಪಾಲು ಕೆಳಗಿನಿಂದಲೇ ಶುರು. ಗುಡ್ಡದ ಇಳಿಜಾರಿನಲ್ಲಿ ಕಲ್ಲಿನ ಇಲ್ಲವೆ ಸಿಮೆಂಟಿನ ಕಂಬಗಳ ಮೇಲೆ ನಿಂತ ಮನೆಗಳವು. ಕಂಬ ವಾಲಿದರೆ ಮನೆ ವಾಲುತ್ತದೆ. ಬಚ್ಚಲಿನ ನೀರು ಜಿನುಗಿ ನೆಲದ ಹಲಗೆಯನ್ನು ಹೊತ್ತ ತೊಲೆಗಳು ಕೊಳೆಯುತ್ತವೆ. ಹುಡುಗರು ಮನೆಯಡಿಯಲ್ಲಿ ಕೆಸರಿನಲ್ಲಿ ತೆವಳಿ, ಜಾಕ್ ಕೊಟ್ಟು ಎತ್ತಿ, ತೊಲೆ ಬದಲಿಸಿ, ಆಮೇಲೆ ಮಾಡಿಗೆ ಏರುತ್ತಿದ್ದರು. ಒಮ್ಮೊಮ್ಮೆ ಒಂದು ವಾರವಿಡೀ ದುಡಿದರೂ ಹೊರಗಿನಿಂದ ನೋಡುವವರಿಗೆ ಏನೂ ಬದಲಾದಂತೆ ಕಾಣದು. ಬೆಚ್ಚಗಿರಬೇಕು, ಭದ್ರವಾಗಿರಬೇಕು, ಒಣಗಿರಬೇಕು. ಗುರಿ ಇಷ್ಟೇ, ಅಂದಚೆಂದವಲ್ಲ.

ಆದರೆ ಹೊರಗಿನವರನ್ನು ಒಳಗೆ ಬಿಡುವುದು ಅಲ್ಲಿನವರಿಗೆ ಸುಲಭವಾಗಿರಲಿಲ್ಲ. 1964ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಪೂರ್ವ ಕೆಂಟಕಿಯ ಐನೆಜ್ ಬಳಿಯ ಒಂದು ಬಡಮನೆಯ ಜಗಲಿಯ ಮೇಲೆ ಕುಳಿತ ಚಿತ್ರ ಪತ್ರಿಕೆಗಳಲ್ಲೆಲ್ಲ ಬಂತು. 'ಬಡತನದ ವಿರುದ್ಧ ಯುದ್ಧ' ಸಾರಿದ ಸರ್ಕಾರಕ್ಕೆ ಆ ಜಗಲಿ ಒಂದು ಲಾಂಛನವಾಯಿತು. ಅಲ್ಲಿಂದ ಮುಂದೆ ಕ್ಯಾಮೆರಾಗಳ ದಂಡೇ ಕಣಿವೆಗಳಿಗೆ ನುಗ್ಗಿತು. ಹರಕು ಬಟ್ಟೆ, ಮುರುಕು ಮನೆ, ಮಸಿ ಮುಖದ ಮಕ್ಕಳು, ಅದೇ ಅದೇ ಚಿತ್ರಗಳು. 1967ರಲ್ಲಿ ಕೆನಡದ ಚಿತ್ರ ನಿರ್ಮಾಪಕ ಹ್ಯೂ ಓ'ಕಾನರ್ ಒಬ್ಬ ಗಣಿ ಕಾರ್ಮಿಕನನ್ನು, ಅವನ ಒಪ್ಪಿಗೆ ಪಡೆದೇ, ಅವನ ಬಾಡಿಗೆ ಮನೆಯ ಮುಂದೆ ಚಿತ್ರೀಕರಿಸುತ್ತಿದ್ದಾಗ ಮನೆಯ ಮಾಲೀಕ ಬಂದು ಗುಂಡಿಟ್ಟು ಕೊಂದ. ಕೊಲೆಗಾರನ ಬಗ್ಗೆ ಊರಲ್ಲಿ ಅನುಕಂಪವಿತ್ತು ಎಂಬುದು ಯೋಚಿಸಬೇಕಾದ ಮಾತು. ಬಡತನಕ್ಕಿಂತ ಬಡತನದ ಪ್ರದರ್ಶನ ಅವರನ್ನು ಕೆಣಕಿತ್ತು. ಇದಾದ ಎರಡೇ ವರ್ಷಕ್ಕೆ ಇವಾನ್ಸ್ ಅವರ ಹುಡುಗರು ಬಂದದ್ದು. ಕೈಯಲ್ಲಿ ಕ್ಯಾಮೆರಾ ಬದಲು ಸುತ್ತಿಗೆ ಇದ್ದುದೇ ಅವರಿಗೆ ಬಾಗಿಲು ತೆರೆಸಿರಬೇಕು ಎಂದು ನನಗೆ ತೋರುತ್ತದೆ.

ಇಲ್ಲಿ ಇನ್ನೊಂದು ಗುಂಪಿನ ಕತೆಯನ್ನು ಹೇಳದಿದ್ದರೆ ನ್ಯಾಯವಾಗದು. ಚರ್ಚಿನ ಸಂಬಂಧವಿಲ್ಲದ 'ಅಪಲಾಚಿಯನ್ ವಾಲಂಟಿಯರ್ಸ್' ಎಂಬ ತರುಣರು 1964ರಲ್ಲೇ ಏಕೋಪಾಧ್ಯಾಯ ಶಾಲೆಗಳ ರಿಪೇರಿಯಿಂದ ಕೆಲಸ ಆರಂಭಿಸಿದ್ದರು. ಕಿಟಕಿ ಸರಿಪಡಿಸುತ್ತ, ಬಣ್ಣ ಬಳಿಯುತ್ತ ಅವರಿಗೆ ಒಂದು ಪ್ರಶ್ನೆ ಎದ್ದಿತು: ಇಷ್ಟು ಸಂಪತ್ತಿನ ನೆಲದಲ್ಲಿ ಶಾಲೆಗೆ ಕಿಟಕಿ ಏಕಿಲ್ಲ? ಬೆಟ್ಟವನ್ನು ಮೇಲಿನಿಂದಲೇ ಬಗೆದು ಕಲ್ಲಿದ್ದಲು ತೆಗೆಯುವ ಕಂಪನಿಗಳ ವಿರುದ್ಧ ರೈತರ ಜತೆ ನಿಂತರು. 1967ರಲ್ಲಿ ಪೈಕ್ ಕೌಂಟಿಯಲ್ಲಿ ಅವರ ಕಾರ್ಯಕರ್ತನೊಬ್ಬನ ಮೇಲೆ ರಾಜದ್ರೋಹದ ಆರೋಪ ಹೊರಿಸಲಾಯಿತು. ನ್ಯಾಯಾಲಯ ಆ ಕಾನೂನನ್ನೇ ತಳ್ಳಿಹಾಕಿತು, ಆದರೂ ಸರ್ಕಾರದ ಹಣ ನಿಂತು ಸಂಘಟನೆ ಕರಗಿತು. ಮಾಡು ರಿಪೇರಿ ಮಾಡಿದವರಿಗೆ ಸ್ವಾಗತ, ಮಾಡು ಏಕೆ ಸೋರುತ್ತಿದೆ ಎಂದು ಕೇಳಿದವರಿಗೆ ಸೆರೆಮನೆ. ಇವಾನ್ಸ್ ಅವರ ಸಂಸ್ಥೆ ಎರಡನೆಯದನ್ನು ಮುಟ್ಟದೆ ಮೊದಲನೆಯದಕ್ಕೇ ನಿಂತಿತು. ಅದು ವಿವೇಕವೋ ಅಳುಕೋ ಎಂಬ ಬಗ್ಗೆ ಎರಡು ಅಭಿಪ್ರಾಯಗಳು ಸಾಧ್ಯ. ಮಳೆ ಬರುತ್ತಿರುವಾಗ ಹಾಸಿಗೆಯ ಮೇಲೆ ಪಾತ್ರೆ ಇಟ್ಟು ಕುಳಿತ ಮುದುಕಿಗೆ ಮೊದಲು ಬೇಕಾದದ್ದು ಯಾವುದು ಎಂದು ಕೇಳಿಕೊಂಡರೆ ಅವರನ್ನು ತೆಗಳಲು ಮನಸ್ಸಾಗುವುದಿಲ್ಲ.

ಕ್ರೈಸ್ತರೆಲ್ಲ ಆ ಪ್ರಶ್ನೆಯನ್ನು ಬಿಟ್ಟರು ಎಂದೇನಲ್ಲ. 1975ರಲ್ಲಿ ಅಪಲಾಚಿಯದ ಕ್ಯಾಥೊಲಿಕ್ ಬಿಷಪ್ಪರು ಕವಿತೆಯ ಧಾಟಿಯ ಸಾಲುಗಳಲ್ಲಿ ಒಂದು ಬಹಿರಂಗ ಪತ್ರ ಹೊರಡಿಸಿ, ಕಲ್ಲಿದ್ದಲಿನ ಲಾಭ ಎಲ್ಲಿಗೆ ಹೋಗುತ್ತಿದೆ ಎಂದು ನೇರವಾಗಿ ಕೇಳಿದರು. ಹಳೆಯ ಖನಿಜ ಕರಾರುಗಳ ಬಲದಿಂದ ರೈತನ ಒಪ್ಪಿಗೆಯಿಲ್ಲದೆ ಅವನ ಹೊಲ ಬಗೆಯುವುದು ನಿಲ್ಲಲು ಮಾತ್ರ 1988ರವರೆಗೆ ಕಾಯಬೇಕಾಯಿತು. ಆ ವರ್ಷ ಕೆಂಟಕಿಯ ಮತದಾರರು ಶೇಕಡ 80ಕ್ಕೂ ಹೆಚ್ಚು ಬಹುಮತದಿಂದ ರಾಜ್ಯ ಸಂವಿಧಾನವನ್ನು ತಿದ್ದಿದರು.

ಸರ್ಕಾರದ ನೆರವು ಇರಲಿಲ್ಲವೇ? ಇತ್ತು. ಬಡವರ ಮನೆ ರಿಪೇರಿಗೆ ಕೇಂದ್ರ ಸರ್ಕಾರದ ಸಾಲ, 62 ವರ್ಷ ದಾಟಿದವರಿಗೆ ಸಹಾಯಧನ. ಆದರೆ ಮನೆ ಅರ್ಜಿದಾರನದೇ ಎಂಬುದಕ್ಕೆ ದಾಖಲೆ ಬೇಕು. ಅಜ್ಜ ಉಯಿಲು ಬರೆಯದೆ ಸತ್ತು, ಹತ್ತಾರು ವಾರಸುದಾರರು ನಾನಾ ರಾಜ್ಯಗಳಲ್ಲಿ ಚದುರಿಹೋದ ಮನೆಗಳಿಗೆ ಅದೆಲ್ಲಿಂದ ಬರಬೇಕು? ಖಾತೆ ಬದಲಾವಣೆಗೆ ತಾಲ್ಲೂಕು ಕಚೇರಿ ಸುತ್ತಿದ ನಮ್ಮವರಿಗೆ ಈ ಸಂಕಟ ಅರ್ಥವಾಗುತ್ತದೆ. ಸೇವಾಸಂಸ್ಥೆಗಳ ಬಾಗಿಲು ಬಡಿದವರಲ್ಲಿ ಇಂಥವರೂ ಇದ್ದರು.

2022ರ ಜುಲೈ ಕೊನೆಯಲ್ಲಿ ಪೂರ್ವ ಕೆಂಟಕಿಯ ಹೊಳೆಗಳು ರಾತ್ರೋರಾತ್ರಿ ಉಕ್ಕಿದವು. 40ಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ಮನೆಗಳು ಹಾಳಾದವು. ಅಪಲಾಚಿಯ ಸರ್ವೀಸ್ ಪ್ರಾಜೆಕ್ಟಿನವರು, ಮೆನೊನೈಟ್ ಪಂಥದ ಸ್ವಯಂಸೇವಕರು ಮತ್ತೆ ಸುತ್ತಿಗೆ ಹಿಡಿದು ಬಂದರು. ಈ ಸಲ ರಿಪೇರಿ ಸಾಲದಾಯಿತು. ಹೊಸ ಮನೆಗಳನ್ನೇ ಕಟ್ಟಬೇಕಾಯಿತು. ಹೊಳೆಯ ದಡದಲ್ಲಿ ಮತ್ತೆ ಕಟ್ಟುವಂತಿರಲಿಲ್ಲ, ಕಡಿದಾದ ಆ ಸೀಮೆಯಲ್ಲಿ ಎತ್ತರದ ಸಮತಟ್ಟು ಜಾಗವೂ ಅಪರೂಪ. ಹೊಸ ಬಡಾವಣೆಗಳಿಗೆಂದು ಸಿಕ್ಕ ಕೆಲವು ನಿವೇಶನಗಳು, ಹಿಂದೆ ಕಲ್ಲಿದ್ದಲಿಗಾಗಿ ನೆತ್ತಿ ಕಡಿದು ಮಟ್ಟ ಮಾಡಿದ್ದ ಬೆಟ್ಟಗಳ ಮೇಲೆ ಇವೆ.